ಓದುಗರ ಪ್ರಶ್ನೆ: ಕೊಂಕಣದ ಹಳ್ಳಿಗಳಲ್ಲಿ ಯಹೂದಿ ಹಬ್ಬಗಳು

ಪ್ರಶ್ನೆ: ಅಲಿಬಾಗ್‌ಗೆ ಹೋದಾಗ ಊರೊಳಗೆ 'ಇಸ್ರೇಲ್ ಆಳಿ' ಅಂತ ಒಂದು ಓಣಿ ನೋಡಿದ್ವಿ, ಅಲ್ಲೇ ಯಹೂದಿಗಳ ಪ್ರಾರ್ಥನಾ ಮಂದಿರನೂ ಇದೆ. ಅವರು ಎಣ್ಣೆ ಗಾಣದವರಂತೆ ಹೌದಾ? ಹಳ್ಳಿಲಿ ಇದ್ಕೊಂಡು ಹಬ್ಬ ಹೆಂಗೆ ಮಾಡ್ತಿದ್ರು?
– ಓದುಗರು, ಹುಬ್ಬಳ್ಳಿ

ಹೌದು ರೀ, ಗಾಣದವರೇ. ಬೆನೆ ಇಸ್ರೇಲ್ ಅಂತಾರೆ ಅವರಿಗೆ, ಮನೆಮಾತು ಮರಾಠಿ. ನವಗಾಂವ್ ಹತ್ರ ಹಡಗು ಒಡೆದು ಏಳು ಗಂಡಸರು ಏಳು ಹೆಂಗಸರು ಮಾತ್ರ ಬದುಕಿದ್ರು, ಅವರ ವಂಶದವರು ನಾವು ಅಂತ ಅವರೇ ಹೇಳ್ಕೊಂಡು ಬಂದಿರೋ ಕಥೆ. ಆಮೇಲೆ ಪೇಣ್, ರೋಹಾ, ಕಿಹೀಮ್ ಹಿಂಗೆ ಊರೂರಿಗೆ ಹರಡಿ ಪೇಣಕರ್, ರೋಹೇಕರ್, ಕೆಹೀಮಕರ್ ಆದ್ರು. ಶನಿವಾರ ಗಾಣ ನಿಲ್ಲಿಸ್ತಿದ್ರು ಅಂತ ಸುತ್ತಲಿನ ಜನ 'ಶನಿವಾರ ತೇಲಿ' (ತೇಲಿ ಅಂದ್ರೆ ಗಾಣದವರು) ಅಂತಲೇ ಕರೀತಿದ್ರು.

ನನಗೆ ಇದ್ರಲ್ಲಿ ದೊಡ್ಡದು ಅನ್ಸೋದು ಏನಂದ್ರೆ, ಅವರ ಹತ್ರ ಆಗ ಗ್ರಂಥ ಇರ್ಲಿಲ್ಲ, ಗುರುಗಳಿರ್ಲಿಲ್ಲ, ಪ್ರಾರ್ಥನಾ ಮಂದಿರನೂ ಇರ್ಲಿಲ್ಲ, ಆದ್ರೂ ಶನಿವಾರದ ಬಿಡುವು, ಎಂಟನೇ ದಿನ ಗಂಡುಮಗುವಿನ ಸುನ್ನತಿ, ರೆಕ್ಕೆ ಮತ್ತು ಹುರುಪೆ ಎರಡೂ ಇರೋ ಮೀನು ಮಾತ್ರ ತಿನ್ನೋದು, ಇಷ್ಟನ್ನ ತಲೆಮಾರುಗಟ್ಟಲೆ ಬಿಡ್ಲಿಲ್ಲ. ಶುಕ್ರವಾರ ಹೊತ್ತು ಮುಳುಗಿದ್ರೆ ಸಬ್ಬತ್, ಅಂದ್ರೆ ಆ ಶನಿವಾರದ ಬಿಡುವು, ಶುರು, ಆಮೇಲೆ ಒಲೆ ಹಚ್ಚೋ ಹಾಗಿಲ್ಲ, ಹಾಗಾಗಿ ಮರುದಿನದ ಅಡುಗೆನೂ ಬೆಳಕಿರುವಾಗ್ಲೇ ಮುಗೀಬೇಕು. ಇವತ್ತಿಗೂ ಎಷ್ಟೋ ಮನೇಲಿ ವೈನ್ ಬದ್ಲು ಶರಬತ್ತು: ಕಪ್ಪು ಒಣದ್ರಾಕ್ಷಿನ ನೀರಲ್ಲಿ ನೆನೆಹಾಕಿ, ಚೆನ್ನಾಗಿ ಕಿವುಚಿ, ಬಟ್ಟೇಲಿ ಸೋಸಿ, ಅದರ ಮೇಲೆ ಪ್ರಾರ್ಥನೆ ಹೇಳಿ ಮನೆಮಂದಿ ಎಲ್ಲ ಗುಟುಕು ಗುಟುಕು ಕುಡೀತಾರೆ.

ಹಬ್ಬಗಳಿಗೂ ಮರಾಠಿ ಹೆಸರೇ. ಹೊಸ ವರ್ಷಕ್ಕೆ 'ನವ್ಯಾಚಾ ಸಣ'. ಯೋಮ್ ಕಿಪ್ಪುರ್ (ಪಾಪಕ್ಕೆ ಕ್ಷಮೆ ಕೇಳೋ ಹಬ್ಬ) ದಿನ ಬಿಳಿಬಟ್ಟೆ ಹಾಕ್ಕೊಂಡು, ಬಾಗಿಲು ಮುಚ್ಚಿ, ಯಾರನ್ನೂ ಮುಟ್ಟದೆ ಉಪವಾಸ ಇರ್ತಿದ್ರು. ಯಹೂದಿಗಳ ದೀಪದ ಹಬ್ಬ ಹನುಕ್ಕಾ ಮಾತ್ರ ಹಳಬರಿಗೆ ಗೊತ್ತೇ ಇರ್ಲಿಲ್ಲ. ಮಲಿದಾ ಅಂತೂ ಪೂರ್ತಿ ಅವರದೇ: ನೆನೆಸಿದ ಅವಲಕ್ಕಿಗೆ ತೆಂಗಿನತುರಿ, ಸಕ್ಕರೆ, ಏಲಕ್ಕಿ, ಗೋಡಂಬಿ ದ್ರಾಕ್ಷಿ ಕಲಸಿ ದೊಡ್ಡ ತಟ್ಟೇಲಿ ಗುಡ್ಡೆ ಹಾಕಿ, ಸುತ್ತ ಹಣ್ಣು ಜೋಡಿಸಿ ಪ್ರವಾದಿ ಎಲಿಯಾಹುನ ನೆನೆದು ಹಾಡ್ತಾರೆ. ಹರಕೆ ತೀರಿದ್ರೂ ಮಲಿದಾ, ಮದುವೆಗೂ ಮಲಿದಾ. ಅಲಿಬಾಗ್ ಹತ್ರ ಖಂಡಾಲಾ ಅನ್ನೋ ಹಳ್ಳೀಲಿ (ಘಾಟಿನ ಮೇಲಿನ ಖಂಡಾಲಾ ಅಲ್ಲ) ಒಂದು ಬಂಡೆ ಮೇಲಿರೋ ಗುರುತು ಎಲಿಯಾಹುವಿನ ರಥದ್ದು ಅಂತ ನಂಬ್ತಾರೆ, ಅಲ್ಲಿಗೂ ಹರಕೆ ಹೊತ್ತು ಹೋಗ್ತಾರೆ.

ಪ್ರಾರ್ಥನಾ ಮಂದಿರ ಬಂದಿದ್ದು ತಡವಾಗಿ. ಮೊದಲನೇದು 1796ರಲ್ಲಿ ಮುಂಬೈಲಿ, ಕಟ್ಟಿಸಿದ್ದು ಕಂಪನಿ ಸೈನ್ಯದ ಸ್ಯಾಮ್ಯುಯೆಲ್ ದಿವೇಕರ್. ಅವರು ನಮ್ಮ ಟಿಪ್ಪುವಿನ ಸೆರೆ ಸಿಕ್ಕು ಬಿಡುಗಡೆ ಆಗಿ ಹೋದವರು, ಆ ಋಣ ತೀರಿಸೋಕೆ ಕಟ್ಟಿಸಿದ್ರು ಅಂತ ಹೇಳ್ತಾರೆ. ನೀವು ನೋಡಿದ ಅಲಿಬಾಗಿನ ಮಾಗೆನ್ ಅಬೋತ್ 1848ರದ್ದು.

ಪ್ರಶ್ನೆ: ಹತ್ತು ಜನ ಇಲ್ದೆ ಯಹೂದಿಗಳ ಪ್ರಾರ್ಥನೆ ನಡೆಯಲ್ವಂತೆ. ಹಳ್ಳೀಲಿ ಎರಡೇ ಮನೆ ಉಳಿದಿದ್ರೆ ಏನ್ಮಾಡ್ತಾರೆ?
– ಓದುಗರು, ಶಿರಸಿ

ಒಳ್ಳೇ ಪ್ರಶ್ನೆ. 1948ರ ನಂತರ ಬಹುಪಾಲು ಜನ ಇಸ್ರೇಲಿಗೆ ಹೋದ್ರು, ಉಳಿದವರಲ್ಲಿ ಹೆಚ್ಚಿನವರು ಮುಂಬೈ, ಠಾಣೆ ಸೇರಿದ್ರು, ಹಾಗಾಗಿ ಹಳ್ಳಿಗಳಿಗೆ ಇದು ನಿಜವಾದ ಕಷ್ಟ. ಸಂಪ್ರದಾಯದ ಪ್ರಕಾರ ಹದಿಮೂರು ತುಂಬಿದ ಹತ್ತು ಗಂಡಸರು ಕೂಡದಿದ್ರೆ ತೋರಾ (ಯಹೂದಿಗಳ ಧರ್ಮಗ್ರಂಥ) ಸುರುಳಿ ತೆಗೆದು ಸಾಮೂಹಿಕವಾಗಿ ಓದೋ ಹಾಗಿಲ್ಲ, ಸತ್ತವರಿಗಾಗಿ ಹೇಳೋ ಕದ್ದಿಶ್ ಕೂಡ ಹೇಳೋ ಹಾಗಿಲ್ಲ, ಮನೇಲಿ ಸಾವಾದಾಗ ಇದು ತುಂಬಾ ನೋವು ಕೊಡೋ ವಿಷಯ. ಹೊರಗಿಂದ ಯಾರನ್ನಾದ್ರೂ ಕರೀಬೇಕಂದ್ರೆ ಸಬ್ಬತ್‌ನಲ್ಲಿ ಗಾಡಿ ಹತ್ತೋ ಹಾಗಿಲ್ಲ, ಅವರು ಶುಕ್ರವಾರ ಸಂಜೆಯೊಳಗೇ ಬಂದು ಉಳೀಬೇಕು. ಆದ್ರೆ ದೀಪ ಹಚ್ಚೋದಕ್ಕೆ, ಶರಬತ್ತಿನ ಪ್ರಾರ್ಥನೆಗೆ, ಪಾಸೋವರ್ (ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆ ನೆನೆಯೋ ಹಬ್ಬ) ಊಟಕ್ಕೆ ಯಾವ ಲೆಕ್ಕನೂ ಬೇಡ, ಒಬ್ಬಳೇ ಅಜ್ಜಿ ಇದ್ರೂ ಮಾಡಬಹುದು.