ನಕ್ಕರೆ ವಿಜ್ಞಾನಕ್ಕೆ ಅವಮಾನವೇ?

ಪ್ರಶ್ನೆ: ಈಚೆಗೆ ಬೆಂಗಳೂರಿನಲ್ಲಿ ಒಂದು ಜೀವಶಾಸ್ತ್ರ ಸಮ್ಮೇಳನಕ್ಕೆ ಹೋಗಿದ್ದೆ. ಭಾಷಣಕಾರರು ಹಣ್ಣಿನ ನೊಣದ ಜೀನ್‌ಗಳ ಹೆಸರು ಹೇಳುತ್ತಿದ್ದಂತೆ ಇಡೀ ಸಭೆ ನಕ್ಕಿತು. ನನಗೂ ನಗು ಬಂತು, ಆಮೇಲೆ ಬೇಸರವಾಯಿತು. ಇಷ್ಟು ಗಂಭೀರ ವಿಷಯದಲ್ಲಿ ತಮಾಷೆ ಬೇಕಾ?
– ಪ್ರಾಣಿಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ಉತ್ತರ: ಮೇಡಂ, ನಗು ಬಂತು ಅಂತ ಮುಚ್ಚಿಡದೆ ಬರೆದಿರಲ್ಲ, ಅದಕ್ಕೆ ಶಹಭಾಸ್. ಆದರೆ ಬೇಸರ ಯಾಕೆ ಮಾಡಿಕೊಂಡಿರಿ?

ನಿಮ್ಮ ಮಾತಿನಲ್ಲೂ ನ್ಯಾಯ ಇದೆ. ನೊಣದ ಮರಿಹುಳುವಿನಲ್ಲಿ ಒಂದು ಜೀನ್ ಕೆಟ್ಟರೆ ಮೈತುಂಬ ಮುಳ್ಳು ಏಳುತ್ತದೆ. ಹಾಗಾಗಿ ಅದಕ್ಕೆ ‘ಹೆಜ್‌ಹಾಗ್’ ಅಂತ ಒಂದು ಮುಳ್ಳುಮೈಯ ಪುಟ್ಟ ಪ್ರಾಣಿಯ ಹೆಸರಿಟ್ಟರು. ಅದರ ನಂಟಿನ ಜೀನ್ ಬೆನ್ನುಮೂಳೆ ಇರುವ ಪ್ರಾಣಿಗಳಲ್ಲಿ ಸಿಕ್ಕಾಗ ವಿಡಿಯೋ ಗೇಮಿನ ‘ಸಾನಿಕ್’ ಕೂಡ ಸೇರಿಕೊಂಡ, ಹೆಸರು ‘ಸಾನಿಕ್ ಹೆಜ್‌ಹಾಗ್’ ಆಯಿತು. ಮನುಷ್ಯರಲ್ಲಿ ಈ ಜೀನ್ ಕೆಟ್ಟರೆ ಮಗುವಿನ ಮೆದುಳೇ ಸರಿಯಾಗಿ ರೂಪುಗೊಳ್ಳದೆ ಹೋಗಬಹುದು. ಆ ಮಗುವಿನ ಅಪ್ಪ ಅಮ್ಮನ ಎದುರು ಡಾಕ್ಟರು ಈ ಹೆಸರು ಹೇಳಬೇಕಲ್ಲ. ಆ ಕಷ್ಟ ನಿಜ, ಒಪ್ಪಿದೆ.

ಆದರೆ ಸಮ್ಮೇಳನ ಆಸ್ಪತ್ರೆಯಲ್ಲ. ಹೃದಯವೇ ಬೆಳೆಯದ ನೊಣದ ಜೀನ್‌ಗೆ ‘ಟಿನ್‌ಮ್ಯಾನ್’ ಅಂತ ಹೆಸರು. ‘ವಿಝರ್ಡ್ ಆಫ್ ಆಜ್’ ಕಥೆಯಲ್ಲಿ ಹೃದಯ ಬೇಕು ಅಂತ ಹೊರಟ ತಗಡಿನ ಮನುಷ್ಯ ಇದ್ದಾನಲ್ಲ, ಅವನೇ. ಸಾರಾಯಿಯ ಆವಿಗೇ ಬೇಗ ಅಮಲೇರುವ ನೊಣದ ಜೀನ್ ‘ಚೀಪ್ ಡೇಟ್’, ಅಂದರೆ ಕಡಿಮೆ ಖರ್ಚಿನಲ್ಲೇ ಅಮಲೇರುವ ಜೊತೆಗಾರ. ಒಮ್ಮೆ ಕೇಳಿದವರು ಮರೆಯುತ್ತಾರಾ? ನಿಮಗೇ ಆ ಭಾಷಣದಲ್ಲಿ ಏನು ನೆನಪಿದೆ, ನೋಡಿ. ನಕ್ಕ ಜಾಗವೇ ಅಲ್ವಾ?

ನಾನು ಕೇಳಿದ ಒಂದು ಭಾಷಣ ಹೇಳುತ್ತೇನೆ. ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆಯ ಬಗ್ಗೆ. 2014ರಲ್ಲಿ ವಿಜ್ಞಾನದ ಲೆಕ್ಕಕ್ಕೆ ಬಂದ ಜಾತಿ ಅದು. ಅದರ ವೈಜ್ಞಾನಿಕ ಹೆಸರಿನಲ್ಲೇ ನಮ್ಮ ‘ಕುಂಬಾರ’ ಇದ್ದಾನೆ. ಪರದೆಯ ಮೇಲೆ ರಾತ್ರಿಯ ತೊರೆ. ಕಡ್ಡಿಗೆ ಅಂಟಿದ ಮೊಟ್ಟೆ. ಗಂಡು ಕಪ್ಪೆ ಮುಂಗಾಲಲ್ಲಿ ಕೆಸರು ಬಾಚಿಕೊಂಡಿತು, ಹಿಂಗಾಲ ಮೇಲೆ ಎದ್ದು ನಿಂತಿತು, ಮೊಟ್ಟೆಗೆ ಮೆತ್ತಿತು. ಮತ್ತೆ ಬಗ್ಗಿತು, ಮತ್ತೆ ಮೆತ್ತಿತು. ಗೋಡೆಗೆ ಗಿಲಾವು ಮಾಡುವ ಗಾರೆಯವರ ಥರ. ಸಭೆ ಗೊಳ್ಳೆಂದಿತು. ಆ ನಗು ಇಳಿಯುವ ಮೊದಲೇ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಕೆಸರು ಯಾಕೆ ಹಚ್ಚುತ್ತೆ?” ಅಂತ ಕೇಳಿದಳು. ಒಣಗದಿರಲಿ ಅಂತಲೋ, ಬೇರೆ ಪ್ರಾಣಿಗಳ ಬಾಯಿಗೆ ಬೀಳದಿರಲಿ ಅಂತಲೋ, ಮುಂದಿನ ಹತ್ತು ನಿಮಿಷ ಅದೇ ಚರ್ಚೆ. ನಗದಿದ್ದರೆ ಆ ಹುಡುಗಿಗೆ ಎದ್ದು ನಿಲ್ಲುವ ಧೈರ್ಯ ಬರುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ನಮ್ಮ ನಿಮ್ಹಾನ್ಸ್‌ನ ಇಬ್ಬರು ವೈದ್ಯರು ಬೆಂಗಳೂರಿನ ಶಾಲೆಗಳ 200 ಹದಿಹರೆಯದವರನ್ನು ಮೂಗಿಗೆ ಬೆರಳು ಹಾಕುವ ಅಭ್ಯಾಸದ ಬಗ್ಗೆ ವಿಚಾರಿಸಿದರು. ಹೆಚ್ಚುಕಡಿಮೆ ಎಲ್ಲರೂ ಹೌದು ಅಂದರು. 2001ರಲ್ಲಿ ಅದಕ್ಕೆ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಕೆಲಸಕ್ಕೆ ಕೊಡುವ ಬಹುಮಾನ ಅದು. ನಾನಂತೂ ಹೆಮ್ಮೆಪಟ್ಟೆ.

ಇನ್ನು ಬಿ.ಜಿ.ಎಲ್. ಸ್ವಾಮಿ ಅವರನ್ನು ಮರೆತಿರಾ? ಹೆಸರಾಂತ ಸಸ್ಯಶಾಸ್ತ್ರಜ್ಞರು. ಕಾಡು ಸುತ್ತಿದ್ದನ್ನು, ಶಿಷ್ಯರ ಪೀಕಲಾಟವನ್ನು ಕನ್ನಡದಲ್ಲಿ ನಗುನಗುತ್ತಾ ಬರೆದರು. ಗಿಡದ ಹೆಸರೇ ಗೊತ್ತಿಲ್ಲದವರೂ ಅವರನ್ನು ಓದಿ ಗಿಡ ನೋಡಲು ಕಲಿತರು. ಅವರ ಭಾಷೆಯಲ್ಲಿ ಬರೆಯುವ, ಕಲಿಸುವ ನೀವು ನಕ್ಕಿದ್ದಕ್ಕೆ ನೊಂದುಕೊಂಡರೆ ನನಗೆ ಸಂಕಟ.

ನಿಜವಾದ ಅವಮಾನ ಬೇರೆ ಕಡೆ ಇದೆ. ನಮ್ಮ ಊರುಗಳ ಎಷ್ಟೋ ಕಾಲೇಜಿನ ವಿಚಾರ ಸಂಕಿರಣ ನೋಡಿದ್ದೇನೆ. ಪ್ರಾರ್ಥನೆ, ದೀಪ, ಶಾಲು, ಹಾರ, ಮೈಸೂರು ಪೇಟ, ಸ್ಮರಣಿಕೆ. ಅಷ್ಟರಲ್ಲಿ ಮಧ್ಯಾಹ್ನ. ಒಂದು ಕಡೆಯಂತೂ ಆರು ವರ್ಷ ಕಾಡಲ್ಲಿ ದುಡಿದು ಬಂದ ಹುಡುಗನಿಗೆ, “ಊಟಕ್ಕೆ ಹೊತ್ತಾಯ್ತು, ಐದು ನಿಮಿಷದಲ್ಲಿ ಮುಗಿಸಪ್ಪ” ಅಂದರು. ಅವನು ಸ್ಲೈಡುಗಳನ್ನು ಸುಮ್ನೆ ಒತ್ತುತ್ತಾ ಹೋದ. ಯಾರೂ ನಗಲಿಲ್ಲ, ಯಾರೂ ಏನೂ ಕೇಳಲೂ ಇಲ್ಲ. ಆವತ್ತು ನನಗೆ ಅನ್ನ ಸೇರಲಿಲ್ಲ.

ನಿಮ್ಮ ಕಾಲೇಜಿನಲ್ಲಿ ಮುಂದಿನ ಸಂಕಿರಣ ಯಾವಾಗ? ಶಾಲು ಹಾರಗಳ ಹೊತ್ತನ್ನು ಮಕ್ಕಳ ಪ್ರಶ್ನೆಗೆ ಕೊಡಿಸಿ. ಅವರು ಯಾವ ಸ್ಲೈಡಿಗೆ ನಕ್ಕರು, ನಕ್ಕ ಮೇಲೆ ಏನು ಕೇಳಿದರು ಅಂತ ಬರೆದು ಕಳಿಸಿ. ಎರಡು ಪುಟ ನಿಮಗಾಗಿ ಎತ್ತಿಟ್ಟಿರುತ್ತೇನೆ.
– ಸಂ.