ಘಾಟ್ ಟರ್ನಿಂಗಲ್ಲಿ ಎರಡು ಬೈಕ್ ಪಕ್ಕಪಕ್ಕ ಹೋಗಬಹುದಾ?

ನೀವು ಕೇಳಿರೋದು ಇಷ್ಟು: ನೀವು ಮತ್ತೆ ನಿಮ್ಮ ಫ್ರೆಂಡು ಮೈಸೂರಿಂದ ಎರಡು ಬೈಕಲ್ಲಿ ಮಡಿಕೇರಿಗೆ ಬಂದು ಸಂಪಾಜೆ ಕಡೆ ಇಳೀತೀರ, ಟ್ರಾಫಿಕ್ ಇರೋವಾಗ ಟರ್ನಿಂಗಲ್ಲೂ ಪಕ್ಕಪಕ್ಕ ಹೋಗೋಕೆ ಸೇಫ್ ಆದ ಟೆಕ್ನಿಕ್ ಏನಾದ್ರೂ ಇದ್ಯಾ ಅಂತ. ನಾನು ಸುಂಟಿಕೊಪ್ಪದವನು, ಇದೇ ರೋಡಲ್ಲಿ ಓಡಾಡೋನು. ಘಾಟಲ್ಲಿ ಅಂಥ ಟೆಕ್ನಿಕ್ ಇಲ್ಲ. ಟೌನ್ ಸರ್ಕಲಲ್ಲಿ ಸ್ವಲ್ಪ ಇದೆ, ಅದನ್ನ ಆಮೇಲೆ ಹೇಳ್ತೀನಿ.

ಎರಡು ಲೇನ್ ಹೈವೇಲಿ ಒಂದು ಲೇನ್ ಅಂದ್ರೆ ಸುಮಾರು ಮೂರೂವರೆ ಮೀಟರ್, ಒಂದು ಬುಲೆಟ್ ಹ್ಯಾಂಡಲ್ ಸುಮಾರು ಮುಕ್ಕಾಲು ಮೀಟರ್, ಹಾಗಾಗಿ ನೇರ ರೋಡಲ್ಲಿ ಎರಡು ಗಾಡಿ ಆರಾಮಾಗಿ ಹಿಡಿಯುತ್ತೆ, ಅದಕ್ಕೇ ಟರ್ನಿಂಗಲ್ಲೂ ಹಿಡಿಯುತ್ತೆ ಅನ್ಸುತ್ತೆ. ಆದ್ರೆ ಬೈಕ್ ವಾಲಿದಾಗ ಅದಕ್ಕೆ ಬೇಕಾಗೋ ಜಾಗ ಜಾಸ್ತಿ ಆಗುತ್ತೆ. 30 ಮೀಟರ್ ತ್ರಿಜ್ಯದ ತಿರುವನ್ನ 40 ಸ್ಪೀಡಲ್ಲಿ ತಗೊಂಡ್ರೆ ಗಾಡಿ 23 ಡಿಗ್ರಿ ಹತ್ರ ವಾಲುತ್ತೆ, ಟೈರು ಇದ್ದಲ್ಲೇ ಇದ್ರೂ ನಿಮ್ಮ ತಲೆ ಅರ್ಧ ಮೀಟರಿಗಿಂತ ಜಾಸ್ತಿ ಒಳಗಡೆ ಹೋಗಿರುತ್ತೆ. ಬಲಕ್ಕೆ ತಿರುಗೋ ಕಡೆ ಬಲಗಡೆ ಇರೋನು ಮಧ್ಯದ ಗೆರೆ ಒಳಗೇ ಇದ್ದೀನಿ ಅನ್ಕೊಂಡಿರ್ತಾನೆ, ತಲೆ ಮಾತ್ರ ಎದುರು ಬರೋ ಕೆಎಸ್‌ಆರ್‌ಟಿಸಿ ಬಸ್ಸಿನ ಕನ್ನಡಿ ಹಾದಿಯಲ್ಲಿರುತ್ತೆ.

ಎಡ ತಿರುವಲ್ಲಿ ಕಷ್ಟ ಇನ್ನೊಂದು ಥರ. ಒಳಗಡೆ ಇರೋನಿಗೆ ರೋಡಿನ ಅಂಚು ಸಿಗುತ್ತೆ, ನಮ್ಮ ಕಡೆ ಆ ಅಂಚಲ್ಲಿ ಏನಿರುತ್ತೆ ಅಂದ್ರೆ ಒದ್ದೆ ಸಿಲ್ವರ್ ಓಕ್ ಎಲೆ, ಪಾಚಿ, ತೋಟದಿಂದ ಬಂದ ಟ್ರ್ಯಾಕ್ಟರ್ ಟೈರಿನ ಮಣ್ಣು. 2018ರ ಆಗಸ್ಟಲ್ಲಿ ಗುಡ್ಡ ಕುಸಿದ ಜೋಡುಪಾಲ, ಮದೆನಾಡು ಕಡೆ ಜೋರು ಮಳೆಯಲ್ಲಂತೂ ಇನ್ನೂ ಹುಷಾರಾಗಿರ್ಬೇಕು. ಅವನ ಟೈರ್ ಜಾರಿದ್ರೆ ಗಾಡಿ ತಿರುವಿನ ಒಳಕ್ಕೆ ಹೋಗಲ್ಲ, ಹೊರಕ್ಕೆ ಜಾರ್ಕೊಂಡು ಹೋಗುತ್ತೆ, ಅಂದ್ರೆ ಸೀದಾ ಪಕ್ಕದಲ್ಲಿರೋ ನಿಮ್ಮ ಚಕ್ರದ ಕೆಳಗೆ. ಅವನು ಜಾರದೇ ಇದ್ರೂ, ಎದುರಿಂದ ಯಾರೋ ಟೂರಿಸ್ಟ್ ಕಾರು ಓವರ್‌ಟೇಕ್ ಮಾಡ್ಕೊಂಡು ನಿಮ್ಮ ಲೇನಿಗೇ ಬಂತು ಅನ್ಕೊಳ್ಳಿ, ನೀವು ಎಡಕ್ಕೆ ಎಳೀಬೇಕು, ಎಡಗಡೆ ಫ್ರೆಂಡ್ ಇದ್ದಾನೆ, ಎಲ್ಲಿಗೆ ಹೋಗ್ತೀರ? ಆ ಖಾಲಿ ಜಾಗ ತಪ್ಪಿಸ್ಕೊಳ್ಳೋಕೆ ಅಂತಾನೇ ಇರೋದು, ಅದನ್ನ ಮಾತಾಡ್ಕೊಂಡು ಹೋಗೋಕೆ ಫ್ರೆಂಡಿಗೆ ಕೊಟ್ಬಿಟ್ರೆ ಮುಗೀತು.

ಹಾಗಾದ್ರೆ ಹೇಗೆ ಹೋಗೋದು? ಕುಶಾಲನಗರ ದಾಟಿದ್ಮೇಲೆ ನೇರ ಸಿಗೋ ಕಡೆ ಮುಂದಿನವನು ಲೇನಿನ ಬಲಭಾಗ, ಹಿಂದಿನವನು ಎಡಭಾಗ, ಒಂದು ಸೆಕೆಂಡ್ ಹಿಂದೆ. ಟರ್ನಿಂಗ್ ಕಂಡ ತಕ್ಷಣ, ಅಂದ್ರೆ ಒಳಗೆ ಹೋದ್ಮೇಲೆ ಅಲ್ಲ ಮುಂಚೆನೇ, ಹಿಂದಿನವನು ಥ್ರಾಟಲ್ ಬಿಟ್ಟು ಎರಡು ಸೆಕೆಂಡ್ ಗ್ಯಾಪ್ ಮಾಡ್ಕೊಂಡು ಒಬ್ಬರ ಹಿಂದೆ ಒಬ್ಬರು ಆಗ್ಬೇಕು. 40 ಸ್ಪೀಡಲ್ಲಿ ಎರಡು ಸೆಕೆಂಡ್ ಅಂದ್ರೆ 22 ಮೀಟರ್. ಮುಂದಿನ ಗಾಡಿ ಒಂದು ಮೈಲಿಕಲ್ಲು ದಾಟಿದಾಗ ಸಾವಿರದೊಂದು, ಸಾವಿರದೆರಡು ಅಂತ ಎಣಿಸಿ, ಮುಗಿಯೋ ಮುಂಚೆ ನೀವೂ ಅಲ್ಲಿಗೆ ಬಂದ್ರೆ ಹತ್ರ ಇದ್ದೀರ ಅಂತ. ಮಳೆ, ಮಂಜು ಇದ್ರೆ ಡಬಲ್ ಮಾಡಿ. ಇಬ್ಬರಲ್ಲಿ ನಿಧಾನ ಓಡ್ಸೋನು ಮುಂದೆ ಇರ್ಲಿ. ವೀಕೆಂಡ್ ಗ್ರೂಪುಗಳಲ್ಲಿ ಉಲ್ಟಾ ಮಾಡ್ತಾರೆ, ಎಕ್ಸ್‌ಪರ್ಟ್ ಮುಂದೆ ಹಾರ್ಕೊಂಡು ಹೋಗ್ತಾನೆ, ಹೊಸಬ ಹಿಂದಿಂದ ಅವನನ್ನ ಹಿಡಿಯೋಕೆ ತನ್ನ ಕೈಲಾಗದ ಸ್ಪೀಡಲ್ಲಿ ತಿರುವಿಗೆ ನುಗ್ತಾನೆ, ನೋಡೋಕೇ ಭಯ ಆಗುತ್ತೆ.

ಇನ್ನು ಮಡಿಕೇರಿ ಒಳಗೆ. ಜನರಲ್ ತಿಮ್ಮಯ್ಯ ಸರ್ಕಲಲ್ಲಿ ರಶ್ ಇದ್ದಾಗ ನೀವು ಬೇಡ ಅಂದ್ರೂ ಯಾವುದೋ ಸ್ಕೂಟರ್ ಪಕ್ಕಕ್ಕೆ ಬಂದೇ ಬರುತ್ತೆ. ಅಲ್ಲಿ ಒಳಗಡೆ ಇದ್ದೋನು ತಿರುಗಿ ಮುಗಿಯೋವರೆಗೂ ಒಳಗಡೆನೇ, ಹೊರಗಡೆ ಇದ್ದೋನು ಹೊರಗಡೆನೇ, ಮಧ್ಯದಲ್ಲಿ ಅಡ್ಡ ಬರಬಾರದು. ನಿಮ್ಮ ಮುಂದಿನ ಚಕ್ರ ಅವನ ಹಿಂದಿನ ಚಕ್ರದ ಪಕ್ಕದಲ್ಲಿ ಇರೋ ಹಾಗೆ ಮಾತ್ರ ಇರಬೇಡಿ, ತಾಗಿದ್ರೆ ಬೀಳೋದು ನೀವು, ಯಾಕಂದ್ರೆ ಬ್ಯಾಲೆನ್ಸ್‌ಗೆ ತಿರುಗಿಸ್ಬೇಕಾದ ಹ್ಯಾಂಡಲ್ಲೇ ಸಿಕ್ಕಾಕೊಳ್ಳುತ್ತೆ. ಪೂರ್ತಿ ಹಿಂದೆ ಇಳ್ದುಬಿಡಿ. ಹ್ಯಾಂಡಲ್ ತಿರುಗಿರೋವಾಗ ಮುಂದಿನ ಬ್ರೇಕ್ ಹಿಂಡಬೇಡಿ, ಹಾಫ್ ಕ್ಲಚ್ಚು ಮತ್ತೆ ಹಿಂದಿನ ಬ್ರೇಕಲ್ಲಿ ನಿಭಾಯಿಸಿ. ಎಡಕ್ಕೆ ತಿರುಗ್ತಿರೋ ಬಸ್ಸಿನ ಎಡಗಡೆ ಸಂದಿಗಂತೂ ಯಾವತ್ತೂ ನುಗ್ಗಬೇಡಿ, ಅದರ ಹಿಂದಿನ ಚಕ್ರ ಮುಂದಿನ ಚಕ್ರಕ್ಕಿಂತ ತುಂಬಾ ಒಳಗೆ ಕಟ್ ಮಾಡ್ಕೊಂಡು ಬರುತ್ತೆ, ಡ್ರೈವರ್‌ಗೆ ನೀವು ಕಾಣೋದೂ ಇಲ್ಲ.

ಮಾತಾಡ್ಬೇಕು ಅಂದ್ರೆ ಸುಂಟಿಕೊಪ್ಪದಲ್ಲಿ ಗಾಡಿ ನಿಲ್ಲಿಸಿ ಟೀ ಕುಡೀರಿ. ಆನೆಕಾಡಲ್ಲಿ ನಿಲ್ಲಿಸ್ಬೇಡಿ, ಹೆಸರೇ ಹೇಳುತ್ತಲ್ಲ. ಘಾಟಲ್ಲಿ ಕೆಲವು ಕಡೆ ನೆಟ್‌ವರ್ಕ್ ಸಿಗಲ್ಲ, ಅದಕ್ಕೆ ಬೇರೆ ಬೇರೆ ಆದ್ರೆ ಎಲ್ಲಿ ಕಾಯೋದು ಅಂತ ಹೊರಡೋ ಮುಂಚೆನೇ ಮಾತಾಡ್ಕೊಳ್ಳಿ, ಸಂಪಾಜೆ ಪೇಟೆ ಆದ್ರೆ ಒಳ್ಳೇದು.