ಐಶ್ವರ್ಯಾ ರೈ, ಕೆ.ಎಲ್. ರಾಹುಲ್, ಜಾರ್ಜ್ ಫರ್ನಾಂಡಿಸ್ ಎಲ್ಲ ಮಂಗಳೂರಿನವ್ರೇ ಹೌದಾ?

ವಾಟ್ಸಾಪಲ್ಲಿ ಬಂದ ಪಟ್ಟಿ ನೋಡಿ ಕೇಳಿದ್ದೀರಿ, ಐಶ್ವರ್ಯಾ ರೈ, ಶಿಲ್ಪಾ ಶೆಟ್ಟಿ, ಸುನಿಲ್ ಶೆಟ್ಟಿ, ಕೆ.ಎಲ್. ರಾಹುಲ್, ಜಾರ್ಜ್ ಫರ್ನಾಂಡಿಸ್ ಇವರೆಲ್ಲ ಒಂದೇ ಊರಿನವರಂತೆ, ನಿಜವಾ, ಹೌದಾದ್ರೆ ಅಷ್ಟು ಸಣ್ಣ ಊರಲ್ಲಿ ಅಂಥದ್ದೇನಿದೆ ಅಂತ. ನಾನು ಹುಟ್ಟಿ ಬೆಳೆದದ್ದು ಮಂಗಳೂರಲ್ಲೇ, ಮನೆ ಕದ್ರಿ ಹತ್ರ, ಹಾಗಾಗಿ ಬರೀತೇನೆ, ಸ್ವಲ್ಪ ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಪಟ್ಟಿ ಸುಳ್ಳಲ್ಲ. ಆದ್ರೆ ಅದ್ರಲ್ಲಿ ಹೆಚ್ಚಿನವ್ರು ಮಂಗಳೂರು ಬಿಟ್ಟು ಹೋದ ಕಾರಣಕ್ಕೇ ಫೇಮಸ್ ಆದವ್ರು. ಇದನ್ನು ಇಲ್ಲಿಯವ್ರು ಯಾರೂ ಬಾಯಿಬಿಟ್ಟು ಹೇಳುದಿಲ್ಲ, ಎಲ್ರೂ "ನಮ್ಮ ಐಶ್ವರ್ಯ" ಅಂತ ಎದೆ ಉಬ್ಬಿಸುದೇ.

ಐಶ್ವರ್ಯಾ ರೈ ಹುಟ್ಟಿದ್ದು 1973ರಲ್ಲಿ ಮಂಗಳೂರಲ್ಲೇ, ಸರಿ. ಸಣ್ಣ ಇರುವಾಗ್ಲೇ ಮನೆಯವ್ರು ಮುಂಬೈಗೆ ಹೋದ್ರು, ಶಾಲೆ ಕಾಲೇಜು ಮಾಡೆಲಿಂಗ್ ಎಲ್ಲ ಆ ಕಡೆ, 1994ರಲ್ಲಿ ಮಿಸ್ ವರ್ಲ್ಡ್ ಆದದ್ದು ಮುಂಬೈ ಹುಡುಗಿಯಾಗಿ. ಶಿಲ್ಪಾ ಶೆಟ್ಟಿದೂ ಅದೇ ಕತೆ, 1975ರಲ್ಲಿ ಇಲ್ಲಿ ಹುಟ್ಟಿದ್ದು, ಬೆಳೆದದ್ದು ಚೆಂಬೂರಲ್ಲಿ, 2007ರಲ್ಲಿ ಲಂಡನಿಗೆ ಹೋಗಿ ಸೆಲೆಬ್ರಿಟಿ ಬಿಗ್ ಬ್ರದರ್ ಗೆದ್ದು ಬಂದ್ರು. ಇಬ್ಬರ ಮನೆಮಾತೂ ತುಳು. ಸುನಿಲ್ ಶೆಟ್ಟಿಯಂತೂ ಸಿಟಿಯವ್ರೇ ಅಲ್ಲ, ಮೂಲ್ಕಿಯವ್ರು, ಇಲ್ಲಿಂದ ಬಸ್ಸಲ್ಲಿ ಸುಮಾರು ಒಂದು ಗಂಟೆ ದಾರಿ. ಆದ್ರೆ ಮುಂಬೈಯವ್ರಿಗೆ ಕಾಸರಗೋಡಿಂದ ಕುಂದಾಪುರದವರೆಗೆ ಎಲ್ಲ ಮಂಗಳೂರೇ, ನಾವೂ ಲಾಭ ಇರುವ ಕಡೆ ತಿದ್ಲಿಕ್ಕೆ ಹೋಗುದಿಲ್ಲ.

ಈಗ ಯಾಕೆ ಮುಂಬೈ ಅಂತ. ಈ ಕರಾವಳಿಯಲ್ಲಿ ಕೂಡುಕುಟುಂಬದ ಜಾಗ ಪಾಲಾಗ್ತಾ ಆಗ್ತಾ ಒಬ್ಬೊಬ್ಬನಿಗೆ ಬರುದು ಎಷ್ಟು ಹೇಳಿ, ದೊಡ್ಡ ಕಾರ್ಖಾನೆ ಅಂತ ಎಂತದ್ದೂ ಇರ್ಲಿಲ್ಲ, ಹಾಗಾಗಿ ಮೀಸೆ ಮೂಡುವ ಮೊದ್ಲೇ ಹುಡುಗ್ರು ಬೊಂಬಾಯಿಗೆ ಹೋಗಿ ಹೋಟೆಲಲ್ಲಿ ಟೇಬಲ್ ಒರೆಸುದು, ಲೋಟ ತೊಳೆಯುದು, ಹಗಲು ಕೆಲ್ಸ ರಾತ್ರಿ ಕನ್ನಡ ನೈಟ್ ಸ್ಕೂಲು. ಮುಂಬೈಯಲ್ಲಿ ಈ ಹೋಟೆಲ್ ಹುಡುಗ್ರಿಗೋಸ್ಕರವೇ ಕನ್ನಡ ರಾತ್ರಿಶಾಲೆಗಳು ಸುಮಾರಿದ್ವು, ಅಲ್ಲಿ ಓದಿ ಮುಂದೆ ವಕೀಲರು, ಬ್ಯಾಂಕ್ ಮ್ಯಾನೇಜರ್ ಆದವ್ರು ಇದ್ದಾರೆ. ಸುನಿಲ್ ಶೆಟ್ಟಿಯ ಅಪ್ಪ ವೀರಪ್ಪ ಶೆಟ್ರು ಹುಡುಗ ಪ್ರಾಯದಲ್ಲೇ ಹಾಗೆ ಹೋದವ್ರು, ಕ್ಲೀನರ್ ಕೆಲ್ಸದಿಂದ ಶುರುಮಾಡಿ ಆಮೇಲೆ ತಾನೇ ಹೋಟೆಲ್ ಮಾಲೀಕರಾದ್ರು, ಮಗ ಇದನ್ನು ಇಂಟರ್‌ವ್ಯೂಗಳಲ್ಲಿ ಹೇಳಿದ್ದುಂಟು. ಅಪ್ಪಂದಿರು ಹೋಟೆಲು, ಬ್ಯಾಂಕು, ಆಫೀಸು ಅಂತ ಕಾಲೂರಿದ್ರು, ಮಕ್ಕಳು ಬೆಳೆಯುವಾಗ ಸಿನಿಮಾ ಸ್ಟುಡಿಯೋ ಅದೇ ಊರಲ್ಲಿತ್ತು. ಇದಿಷ್ಟೇ ಮಾರಾಯ್ರೆ ಸೀಕ್ರೆಟ್ಟು. ಮೀನು ತಿಂದು ಚಂದ ಆದ್ರು, ತೆಂಗಿನೆಣ್ಣೆಯಿಂದ ಕೂದಲು ಬಂತು ಅಂತ ಹೇಳುವವ್ರನ್ನು ನಂಬ್ಬೇಡಿ, ಮೀನು ಕಾರವಾರದವ್ರೂ ತಿಂತಾರೆ.

ಇನ್ನೊಂದು ವಿಷಯ ಹೊರಗಿನವ್ರಿಗೆ ಬೇಗ ಅರ್ಥ ಆಗುದಿಲ್ಲ. ಇಲ್ಲಿ ಬಂಟರು, ಬಿಲ್ಲವರು ಮತ್ತೆ ಇನ್ನೂ ಕೆಲವು ಸಮುದಾಯದಲ್ಲಿ ಅಳಿಯಸಂತಾನ ಪದ್ಧತಿ ಇತ್ತು, ಬಳಿ, ಅಂದ್ರೆ ವಂಶದ ಹೆಸರು, ಬರುದು ತಾಯಿ ಕಡೆಯಿಂದ. ಆಸ್ತಿಯ ಲೆಕ್ಕ ಕಾನೂನು ಬದಲಾದ ಮೇಲೆ ಬದಲಾಯ್ತು, ಆದ್ರೆ ಮನಸ್ಸಿನ ಲೆಕ್ಕ ಹಾಗೇ ಉಂಟು. ಯಾರಾದ್ರೂ ಟಿವಿಯಲ್ಲಿ ಕಂಡ್ರೆ ನಮ್ಮ ಹಿರಿಯರು ಮೊದ್ಲು ಕೇಳುದು "ಅವಳ ತಾಯಿಮನೆ ಎಲ್ಲಿ" ಅಂತ. ಹುಡುಗಿ ಮುಂಬೈಯಲ್ಲೇ ಹುಟ್ಟಲಿ, ದುಬೈಯಲ್ಲೇ ಬೆಳೆಯಲಿ, ತಾಯಿಯ ಮನೆ ಇಲ್ಲಿ ಇದ್ರೆ ಅವಳು ನಮ್ಮವಳೇ. ಅದಕ್ಕೇ ನಿಮಗೆ ಬಂದ ಪಟ್ಟಿ ವರ್ಷ ವರ್ಷ ಉದ್ದ ಆಗ್ತಾ ಹೋಗುದು, ಕಡಿಮೆ ಆಗುವ ಪ್ರಶ್ನೆಯೇ ಇಲ್ಲ!

ರಾಹುಲ್ ವಿಷಯ ಉಲ್ಟಾ. ಹುಟ್ಟಿದ್ದು ಬೆಂಗಳೂರಲ್ಲಿ, 1992ರಲ್ಲಿ, ಆದ್ರೆ ಬೆಳೆದದ್ದು ಪೂರ್ತಿ ಇಲ್ಲಿ. ಅಪ್ಪ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯಲ್ಲಿ ಪ್ರೊಫೆಸರ್ ಆಗಿದ್ದವ್ರು, ಅಮ್ಮ ಮಂಗಳೂರು ವಿವಿಯಲ್ಲಿ ಇತಿಹಾಸ ಪಾಠ ಮಾಡಿದವ್ರು. ಶಾಲೆ ಎನ್‌ಐಟಿಕೆ ಕ್ಯಾಂಪಸ್ಸಲ್ಲೇ, ಕ್ರಿಕೆಟ್ ಕಲ್ತದ್ದು ಮಂಗಳೂರಿನ ನೆಹರೂ ಮೈದಾನಲ್ಲಿ ಸ್ಯಾಮ್ಯುಯೆಲ್ ಜಯರಾಜ್ ಅವ್ರ ಹತ್ರ. ಆ ಮೈದಾನ ನೋಡಿದ್ರೆ ನಿಮಗೆ ನಗು ಬರ್ಬಹುದು. ಪಕ್ಕದಲ್ಲೇ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡು, ಕಂಡಕ್ಟರುಗಳು "ಸುರತ್ಕಲ್ ಸುರತ್ಕಲ್, ತೊಕ್ಕೊಟ್ಟು ತೊಕ್ಕೊಟ್ಟು" ಅಂತ ಬೊಬ್ಬೆ ಹೊಡೀತಿರ್ತಾರೆ, ಭಾನುವಾರ ಒಂದೇ ಮೈದಾನಲ್ಲಿ ನಾಲ್ಕೈದು ಮ್ಯಾಚ್ ಒಟ್ಟಿಗೆ, ಒಂದು ಟೀಮಿನ ಕವರ್ ಫೀಲ್ಡರ್ ಅಂದ್ರೆ ಇನ್ನೊಂದು ಟೀಮಿನ ಲಾಂಗ್ ಆನ್, ಯಾರ ಬಾಲ್ ಯಾರು ಹೆಕ್ಕಿ ಬಿಸಾಡ್ತಾರೆ ಅಂತ ಗೊತ್ತಾಗುದಿಲ್ಲ. ಜೂನ್ ಬಂತು ಅಂದ್ರೆ ಮುಗೀತು, ಮಳೆಗೆ ನಿಂತ ನೀರು ಇಳಿಯುವ ತನಕ ಆಟ ಇಲ್ಲ. ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಮೈದಾನವೇ ಸಿಕ್ಕದ ಊರಿಂದ ಟೆಸ್ಟ್ ಓಪನರ್ ಬಂದ ಅಂತ ಹೇಳಿದ್ರೆ ನನಗೆ ಮಿಸ್ ವರ್ಲ್ಡಿಗಿಂತ ಅದೇ ದೊಡ್ಡದು. ಆದ್ರೆ ಅವ್ನೂ ಪಿಯುಸಿ ಆದ ಮೇಲೆ ಬೆಂಗಳೂರಿಗೆ ಹೋಗ್ಲೇಬೇಕಾಯ್ತು, ಇಲ್ಲಿ ಕೂತ್ರೆ ರಾಜ್ಯದ ಸೆಲೆಕ್ಟರ್ ಕಣ್ಣಿಗೆ ಬೀಳ್ಲಿಕ್ಕೆ ಕಷ್ಟ. 2014ರ ಕೊನೆಗೆ ಮೆಲ್ಬೋರ್ನಲ್ಲಿ ಮೊದಲ ಟೆಸ್ಟ್ ಆಡಿ, ಎರಡನೇದ್ರಲ್ಲೇ ಸಿಡ್ನಿಯಲ್ಲಿ 110 ಹೊಡ್ದ. 2023ರಲ್ಲಿ ಸುನಿಲ್ ಶೆಟ್ಟಿ ಮಗಳನ್ನೇ ಮದುವೆ ಆದ, ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಇಬ್ರು ಮಾವ ಅಳಿಯ.

ಅಂದ ಹಾಗೆ ಕ್ರಿಕೆಟ್ಟಲ್ಲಿ ಇವ್ನಿಗಿಂತ ಮೊದ್ಲೇ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ಅಂತ ಇದ್ರು, ವಿಕೆಟ್ ಕೀಪರ್. ರಣಜಿ ಆಡುವ ಮೊದ್ಲೇ ಟೆಸ್ಟ್ ಆಡಿದವ್ರು, 1964ರಲ್ಲಿ ಮದ್ರಾಸಲ್ಲಿ ಇಂಗ್ಲೆಂಡ್ ಮೇಲೆ 192 ಹೊಡೆದ್ರು, ಕೊನೆಗೆ ಸ್ಕಾಟ್ಲೆಂಡಲ್ಲಿ ಸೆಟಲ್ ಆಗಿ ಆ ದೇಶಕ್ಕೂ ಆಡಿದ್ರು. ಯಾವ ಫಾರ್ವರ್ಡಲ್ಲೂ ಅವ್ರ ಹೆಸರು ಬರುದಿಲ್ಲ.

ಜಾರ್ಜ್ ಫರ್ನಾಂಡಿಸ್ ಅಪ್ಪಟ ಮಂಗಳೂರಿನವ್ರು, 1930ರಲ್ಲಿ ಇಲ್ಲಿಯ ಕೆಥೊಲಿಕ್ ಕುಟುಂಬದಲ್ಲಿ ಹುಟ್ಟಿ, ಪಾದ್ರಿ ಆಗ್ಲಿಕ್ಕೆ ಅಂತ ಬೆಂಗಳೂರಿನ ಸೆಮಿನರಿಗೆ ಹೋಗಿ, ಅದನ್ನು ಬಿಟ್ಟು 1949ರಲ್ಲಿ ಬೊಂಬಾಯಿಗೆ ಹೋದವ್ರು. ಚೌಪಾಟಿಯ ಬೆಂಚಲ್ಲಿ ಮಲಗಿದ್ದ ಹುಡುಗ ಟ್ಯಾಕ್ಸಿಯವ್ರ, ಮುನ್ಸಿಪಾಲ್ಟಿ ಕೆಲ್ಸದವ್ರ ಯೂನಿಯನ್ ಕಟ್ಟಿ 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ದೊಡ್ಡ ತಲೆಯನ್ನು ಸೋಲಿಸಿದ್ದು, 1974ರ ರೈಲ್ವೆ ಮುಷ್ಕರ, ತುರ್ತುಪರಿಸ್ಥಿತಿಯಲ್ಲಿ ಕೈಕೋಳ, ಜೈಲಲ್ಲಿದ್ದೇ 1977ರಲ್ಲಿ ಬಿಹಾರದ ಮುಜಫ್ಫರಪುರದಿಂದ ಗೆದ್ದದ್ದು, ಆಮೇಲೆ ರಕ್ಷಣಾ ಮಂತ್ರಿ, ಇದೆಲ್ಲ ನಿಮಗೆ ಗೊತ್ತಿರ್ತದೆ. ಆದ್ರೆ ಒಂದು ನೋಡಿ, ಇಷ್ಟು ದೊಡ್ಡ ಮನುಷ್ಯ ಕರ್ನಾಟಕದಿಂದ ಒಮ್ಮೆಯೂ ಲೋಕಸಭೆಗೆ ಗೆದ್ದದ್ದಿಲ್ಲ. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಜಾಫರ್ ಷರೀಫ್ ಎದುರು ಸೋತ್ರು. ಹಾಗಿದ್ರೂ ಊರಿಗೆ ಅವ್ರಷ್ಟು ಕೊಟ್ಟವ್ರು ಕಡಿಮೆ. ರೈಲ್ವೆ ಮಂತ್ರಿ ಆದಾಗ ಕೊಂಕಣ ರೈಲ್ವೆಗೆ ಪಟ್ಟು ಹಿಡಿದ್ರು, 1990ರಲ್ಲಿ ಕಾರ್ಪೊರೇಶನ್ ಆಯ್ತು, 1998ರಲ್ಲಿ ರೋಹಾದಿಂದ ಇಲ್ಲಿಯ ತೋಕೂರಿನವರೆಗೆ ಪೂರ್ತಿ ಓಡ್ಲಿಕ್ಕೆ ಶುರುವಾಯ್ತು. ಅದಕ್ಕಿಂತ ಮೊದ್ಲು ಮುಂಬೈಗೆ ಹೋಗುದಂದ್ರೆ ಬಸ್ಸಲ್ಲಿ ಸೊಂಟ ಮುರಿಯುವ ಕೆಲ್ಸ. ಈಗ ಮಧ್ಯಾಹ್ನ ಮತ್ಸ್ಯಗಂಧ ರೈಲು ಹತ್ತಿದ್ರೆ ಮರುದಿನ ಬೆಳಿಗ್ಗೆ ಮುಂಬೈ. ಊರು ಬಿಟ್ಟು ಹೋದವನೇ ಉಳಿದವ್ರಿಗೂ ಹೋಗ್ಲಿಕ್ಕೆ ದಾರಿ ಮಾಡಿ ಕೊಟ್ಟದ್ದು.

ಇಷ್ಟು ಹೇಳಿದ ಮೇಲೆ ನನ್ನ ಸ್ವಂತ ಪಟ್ಟಿ ಹಾಕ್ಬೇಕಲ್ವಾ. ಊರಲ್ಲೇ ಇದ್ದು, ಇಲ್ಲಾ ಊರನ್ನು ಜೊತೆಗೇ ಹೊತ್ಕೊಂಡು ಹೆಸರು ಮಾಡಿದವ್ರು. ಮೊದಲನೇದು ಕದ್ರಿ ಗೋಪಾಲನಾಥ್. ಹುಟ್ಟಿದ್ದು ಬಂಟ್ವಾಳದ ಸಜಿಪ, ಅಪ್ಪ ನಾಗಸ್ವರದವ್ರು. ಮೈಸೂರು ಅರಮನೆ ಬ್ಯಾಂಡಲ್ಲಿ ಸ್ಯಾಕ್ಸೋಫೋನ್ ಕೇಳಿ ಅದೇ ಬೇಕು ಅಂತ ಹಠ ಹಿಡಿದ್ರಂತೆ. ಆ ವಾದ್ಯ ಇರುದು ಬೇರೆ ಸಂಗೀತಕ್ಕೆ, ಒಂದೊಂದು ಕೀ ಒತ್ತಿದ್ರೆ ಒಂದೊಂದು ಸ್ವರ ಕಡಿದ ಹಾಗೆ ಬರ್ತದೆ, ನಮ್ಮ ಗಮಕ ಅದ್ರಲ್ಲಿ ಸುಲಭಕ್ಕೆ ಕೂರುದಿಲ್ಲ, ಸ್ವರ ಎಳೀಬೇಕು ಜಾರಿಸ್ಬೇಕು. ಅದಕ್ಕೆ ವಾದ್ಯದಲ್ಲೇ ಬದಲಾವಣೆ ಮಾಡ್ಕೊಂಡು, ತುಟಿ ಮತ್ತೆ ಉಸಿರಲ್ಲಿ ಕೆಲ್ಸ ತೆಗೆದು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ್ರು. 1994ರಲ್ಲಿ ಲಂಡನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದ್ರು, 2004ರಲ್ಲಿ ಪದ್ಮಶ್ರೀ ಬಂತು, 2019ರಲ್ಲಿ ಮಂಗಳೂರಲ್ಲೇ ತೀರಿಕೊಂಡ್ರು. ಅವ್ರ ಪ್ರಭಾವ ನೋಡ್ಬೇಕಾದ್ರೆ ಇಲ್ಲಿಯ ಯಾವುದಾದ್ರೂ ಮದುವೆಗೆ ಬನ್ನಿ. ನಾಗಸ್ವರ ಇರ್ಬೇಕಾದ ಜಾಗದಲ್ಲಿ ಪಂಚೆ ಶಲ್ಯ ಹಾಕಿದ ಇಬ್ರು ಸ್ಯಾಕ್ಸೋಫೋನ್ ಹಿಡಿದು ನಿಂತಿರ್ತಾರೆ, ದೇವಸ್ಥಾನದ ಬಲಿ, ಅಂದ್ರೆ ದೇವರ ಮೂರ್ತಿಯ ಮೆರವಣಿಗೆ, ಹೊರಡುವಾಗ್ಲೂ ಅದೇ. ನಮಗೆ ಅದು ಫಾರಿನ್ ವಾದ್ಯ ಅಂತ ಅನ್ನಿಸುದೇ ಇಲ್ಲ, ಬೇರೆ ಊರಿಂದ ಬಂದ ನೆಂಟ್ರು ಬಾಯಿಬಿಟ್ಟು ನೋಡುವಾಗ ಮಾತ್ರ ನೆನಪಾಗ್ತದೆ.

ಅಥ್ಲೆಟಿಕ್ಸಲ್ಲಿ ಪೂವಮ್ಮ. ಹುಟ್ಟಿದ್ದು ಕೊಡಗಿನ ಗೋಣಿಕೊಪ್ಪದಲ್ಲಿ, ಓದಿ ಓಡಿ ಬೆಳೆದದ್ದು ಮಂಗಳೂರಲ್ಲಿ, 2014ರ ಏಷ್ಯನ್ ಗೇಮ್ಸಲ್ಲಿ 400 ಮೀಟರಿಗೆ ಕಂಚು, 4x400 ರಿಲೇಯಲ್ಲಿ ಚಿನ್ನ. ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ 1.92 ಮೀಟರ್ ಹಾರಿ ಎತ್ತರ ಜಿಗಿತದಲ್ಲಿ ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸಿಗೆ ಹೋದವ್ರು. 1.92 ಅಂದ್ರೆ ಎಷ್ಟು ಗೊತ್ತುಂಟಾ, ನಿಮ್ಮ ಮನೆ ಬಾಗಿಲಿನ ಮೇಲಿನ ಪಟ್ಟಿ ಹತ್ರ ಹತ್ರ ಅಷ್ಟೇ. ಆದ್ರೆ ಊರೆಲ್ಲ ಬೊಬ್ಬೆ ಆದದ್ದು 2020ರಲ್ಲಿ, ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ ಕೆಸರುಗದ್ದೆಯನ್ನು 13.62 ಸೆಕೆಂಡಿಗೆ ಓಡಿದಾಗ. ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಅಂತ ತೆಗೆದು ಬೋಲ್ಟಿಗಿಂತ ಫಾಸ್ಟ್ ಅಂದ್ರು. ಕೈಯಲ್ಲಿ ಹಗ್ಗ, ಎದುರು ಎರಡು ಕೋಣ ಎಳೀತಾ ಉಂಟು, ಅದನ್ನು ಟ್ರ್ಯಾಕಿಗೆ ಹೋಲಿಸುದು ಹೇಗೆ? ಕ್ರೀಡಾ ಪ್ರಾಧಿಕಾರದವ್ರು ಟ್ರಯಲ್ಸಿಗೆ ಕರೆದ್ರೂ ಹೋಗ್ಲಿಲ್ಲ ಅವ್ರು, ಬುದ್ಧಿವಂತಿಕೆ ಅದು.

ಇನ್ನು ಸಿಟಿಯ ನಡುವಿನ ಕೆ.ಎಸ್. ರಾವ್ ರೋಡು. ಅಲ್ಲಿಯ ಶಾಪಿಂಗ್ ಮಾಲಿನ ಎದುರು ನಿಂತು ಕೆ.ಎಸ್. ರಾವ್ ಯಾರು ಅಂತ ಕೇಳಿ, ಹತ್ತು ಜನ್ರಲ್ಲಿ ಒಬ್ರು ಹೇಳಿದ್ರೆ ಹೆಚ್ಚು. ಕಾರ್ನಾಡ್ ಸದಾಶಿವ ರಾಯರು, ವಕೀಲರು, ಶ್ರೀಮಂತ ಮನೆಯವ್ರು, ಇದ್ದದ್ದನ್ನೆಲ್ಲ ಸ್ವಾತಂತ್ರ್ಯ ಹೋರಾಟಕ್ಕೆ, ಸಮಾಜದ ಕೆಲ್ಸಕ್ಕೆ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡ್ರು. ತಮಾಷೆ ಎಂತದ್ದು ಅಂದ್ರೆ ಬೆಂಗಳೂರಿನ ಸದಾಶಿವನಗರ ಇದೇ ಪುಣ್ಯಾತ್ಮನ ಹೆಸರಲ್ಲಿ ಇರುದು, ಅಲ್ಲಿಯ ಸೈಟ್ ರೇಟ್ ನಾನು ಹೇಳ್ಬೇಕಾ.

ಮತ್ತೆ ಹರೇಕಳ ಹಾಜಬ್ಬ. ಹಂಪನಕಟ್ಟೆ ಕಡೆ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದವ್ರು. ಫಾರಿನ್‌ನವ್ರು ಇಂಗ್ಲಿಷಲ್ಲಿ ರೇಟ್ ಕೇಳಿದಾಗ ಉತ್ತರ ಕೊಡ್ಲಿಕ್ಕೆ ಗೊತ್ತಾಗ್ಲಿಲ್ಲ, ನಮ್ಮೂರ ಮಕ್ಕಳಿಗೆ ಹೀಗಾಗ್ಬಾರ್ದು ಅಂತ ಹಣ್ಣು ಮಾರಿದ ದುಡ್ಡು ಕೂಡಿಸಿ, ಆಫೀಸಿಂದ ಆಫೀಸಿಗೆ ಅಲೆದು ನೇತ್ರಾವತಿ ಆಚೆಯ ತನ್ನ ಹಳ್ಳಿಯಲ್ಲಿ ಶಾಲೆ ಮಾಡ್ಸಿದ್ರು. 2021ರ ನವೆಂಬರಲ್ಲಿ ರಾಷ್ಟ್ರಪತಿ ಕೈಯಿಂದ ಪದ್ಮಶ್ರೀ ತಗೊಳ್ಳುವಾಗ್ಲೂ ಬರಿಗಾಲು, ಬಿಳಿ ಪಂಚೆ. ಐಶ್ವರ್ಯಾ ರೈಯನ್ನು ಈ ಊರಲ್ಲಿ ಎಷ್ಟು ಜನ ನೇರ ನೋಡಿದ್ದಾರೋ ಗೊತ್ತಿಲ್ಲ, ಹಾಜಬ್ಬರ ಹತ್ರ ಕಿತ್ತಳೆಗೆ ಚೌಕಾಸಿ ಮಾಡಿದವ್ರು ಮಾತ್ರ ತುಂಬ ಜನ ಸಿಗ್ತಾರೆ.

"ಊರಲ್ಲಿ ಅಂಥದ್ದೇನಿದೆ" ಅಂತ ಕೇಳಿದ್ರಲ್ಲ, ಅದಕ್ಕೆ ನನ್ನ ಉತ್ತರ ಶಾಲೆ ಮತ್ತೆ ಬ್ಯಾಂಕ್. ಬಾಸೆಲ್ ಮಿಶನ್ ಅಂತ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿಗಳು 1834ರಲ್ಲೇ ಬಂದು ಶಾಲೆ, ಪ್ರೆಸ್ಸು ಮಾಡಿದ್ರು, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಹೊರಟದ್ದು ಇಲ್ಲಿಂದ, 1880ರಲ್ಲಿ ಅಲೋಶಿಯಸ್ ಕಾಲೇಜು. ಕೆನರಾ ಬ್ಯಾಂಕ್ 1906, ಕರ್ಣಾಟಕ ಬ್ಯಾಂಕ್ 1924, ವಿಜಯಾ ಬ್ಯಾಂಕ್ 1931, ಮೂರೂ ಮಂಗಳೂರಲ್ಲಿ ಹುಟ್ಟಿದ್ದು. ಓದಿಸುವ ಹುಚ್ಚು, ಓದಿದವ್ರಿಗೆ ಬ್ಯಾಂಕ್ ಕೆಲ್ಸ, ಅಲ್ಲಿಂದ ದೇಶವಿಡೀ ಟ್ರಾನ್ಸ್‌ಫರ್. ಹೊರಗೆ ಹೋಗ್ಲಿಕ್ಕೆ ಹೆದರದ ಜನ ಹಾಗೆ ತಯಾರಾದ್ರು, ಹತ್ತು ಸಾವಿರ ಜನ ಹೋದ್ರೆ ಅದ್ರಲ್ಲಿ ಒಬ್ರು ಇಬ್ರು ಟಿವಿಯಲ್ಲಿ ಕಾಣುದು ದೊಡ್ಡ ಆಶ್ಚರ್ಯ ಅಲ್ಲ.

ಯಕ್ಷಗಾನದವ್ರನ್ನು, ತುಳು ನಾಟಕದವ್ರನ್ನು ನಾನು ಮುಟ್ಲೇ ಇಲ್ಲ, ಅವ್ರದ್ದು ಶುರುಮಾಡಿದ್ರೆ ಇಡೀ ರಾತ್ರಿ ಬೇಕು. ಬೇಕಾದ್ರೆ ಅದನ್ನು ಬೇರೆ ಪ್ರಶ್ನೆಯಾಗಿ ಕೇಳಿ, ನನಗಿಂತ ಚೆನ್ನಾಗಿ ಬರೆಯುವವ್ರು ಇದ್ದಾರೆ.